ಹಳೆ ಫೋನು ಕೊಳ್ಳುವಾಗ ಮೊದಲು ಬೀಗ, ಆಮೇಲೆ ಬಿಲ್ಲು, ಕೊನೆಗೆ ಬ್ಯಾಟರಿ

ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಎರಡನೇ ವರ್ಷ ಓದುವಾಗ ಆನ್‌ಲೈನಿನಲ್ಲಿ ಜಾಹೀರಾತು ನೋಡಿ ಒಂದು ಸೆಕೆಂಡ್ ಹ್ಯಾಂಡ್ ಫೋನು ಕೊಂಡ. 11,000 ರೂಪಾಯಿ. ಅಕ್ಕ ಡೈರಿಗೆ ಹಾಲು ಹಾಕಿ, ಬಟವಾಡೆ ಬಂದಾಗಲೆಲ್ಲ ಇಷ್ಟಿಷ್ಟು ಎತ್ತಿಟ್ಟ ದುಡ್ಡು ಅದು. ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕ ಹುಡುಗ ಬಾಕ್ಸು ತಂದಿದ್ದ, ಚಾರ್ಜರು ಕೊಟ್ಟ, ಮಾತೂ ನಯವಾಗಿತ್ತಂತೆ. ಫೋನಿನ ಮೇಲೆ ಒಂದು ಗೀರಿಲ್ಲ. ಮುಂದಿನ ತಿಂಗಳು 5ನೇ ತಾರೀಕು ಬೆಳಿಗ್ಗೆ ಅಲಾರಂ ನಿಲ್ಲಿಸಲು ಕೈ ಹಾಕಿದರೆ ಪರದೆಯ ತುಂಬ ಒಂದೇ ನೋಟಿಸು: ಸಾಲದ ಕಂತು ಬಾಕಿ ಇದೆ, ಕಟ್ಟುವವರೆಗೆ ಈ ಫೋನು ಬಳಸುವ ಹಾಗಿಲ್ಲ. ಮಾರಿದವನ ನಂಬರು ಸ್ವಿಚ್ ಆಫ್.

"ಮಾವ, ನಾನು ಎಲ್ಲಾ ಚೆಕ್ ಮಾಡಿದ್ದೆ. ಕ್ಯಾಮೆರಾ, ಸ್ಪೀಕರು, ಬ್ಯಾಟರಿ ಎಲ್ಲಾ ಸರಿಯಾಗಿತ್ತು" ಅಂತ ಆ ಶನಿವಾರ ಮನೆಗೆ ಬಂದು ತಲೆ ತಗ್ಗಿಸಿ ಕೂತ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಫೋನು ಗಟ್ಟಿಯಾಗೇ ಇತ್ತು, ಆದರೆ ಮಾರಿದವನಿಗೆ ಅದನ್ನು ಮಾರುವ ಹಕ್ಕಿರಲಿಲ್ಲ. ಹಳೆ ಫೋನು ಕೊಳ್ಳುವ ಬಹಳಷ್ಟು ಜನ ಎಡವುವುದು ಇಲ್ಲೇ. ಬ್ಯಾಟರಿ ಎಷ್ಟು ಪರ್ಸೆಂಟ್ ಅಂತ ಅರ್ಧ ಗಂಟೆ ಕೇಳುತ್ತಾರೆ, ಬಿಲ್ಲು ಯಾರ ಹೆಸರಲ್ಲಿದೆ ಅಂತ ಕೇಳುವುದಿಲ್ಲ. ಬ್ಯಾಟರಿ ಕೆಟ್ಟಿದ್ದರೆ ಒಂದೆರಡು ಸಾವಿರದಲ್ಲಿ ಹೊಸದು ಹಾಕಿಸಬಹುದು. ಬೀಗ ಬಿದ್ದ ಫೋನಿಗೆ ಯಾವ ರಿಪೇರಿ ಅಂಗಡಿಯಲ್ಲೂ ನ್ಯಾಯವಾದ ಮದ್ದಿಲ್ಲ.

ಅದಾದ ಮೇಲೆ ನಾನೂ ಅವನೂ ಜೊತೆಯಾಗಿ ಹೋಗಿ ಇನ್ನೊಂದು ಹಳೆ ಫೋನು ಕೊಂಡೆವು. ಆಗ ಪಾಲಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಜಾಹೀರಾತು ನೋಡಿದ ಕೂಡಲೇ

ಅದೇ ಮಾಡೆಲ್, ಅಷ್ಟೇ ಸ್ಟೋರೇಜ್ ಇರುವ ಫೋನಿಗೆ ಬೇರೆ ನಾಲ್ಕು ಜನ ಎಷ್ಟು ಕೇಳುತ್ತಿದ್ದಾರೆ ನೋಡಿ. ಹಳೆ ಫೋನುಗಳನ್ನು ಪರೀಕ್ಷಿಸಿ ವಾರಂಟಿ ಕೊಟ್ಟು ಮಾರುವ ಕಂಪನಿಗಳ ಬೆಲೆಯನ್ನೂ ನೋಡಿ. ಅದಕ್ಕಿಂತ ಒಂದೆರಡು ಸಾವಿರ ಕಡಿಮೆಯಿದ್ದರೆ ಸಹಜ, ಏಕೆಂದರೆ ವಾರಂಟಿ ಇಲ್ಲ. ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಅಲ್ಲಿ ಕಳವಿದೆ, ಕಂತಿದೆ, ಇಲ್ಲವೇ ಫೋನೇ ಇಲ್ಲ.

ಫೋನೇ ಇಲ್ಲದ ಮಾರಾಟ ಬಹಳ ಹಳೆಯ ಮೋಸ, ಇನ್ನೂ ನಡೆಯುತ್ತಲೇ ಇದೆ. "ನಾನು ಆರ್ಮಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಅದಕ್ಕೇ ಕಡಿಮೆಗೆ ಕೊಡ್ತಿದ್ದೇನೆ" ಅಂತ ಮೆಸೇಜು ಬರುತ್ತದೆ. ಕೇಳದೆಯೇ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡಿನ ಫೋಟೊ ಕಳಿಸುತ್ತಾರೆ. ಸಮವಸ್ತ್ರದ ಮೇಲೆ ನಮಗಿರುವ ಗೌರವವನ್ನೇ ಬಂಡವಾಳ ಮಾಡಿಕೊಂಡ ಕೆಲಸ ಇದು, ನೋಡಿದರೆ ಹೊಟ್ಟೆ ಉರಿಯುತ್ತದೆ. ಮೊದಲು ಕೊರಿಯರ್ ಖರ್ಚು ಅಂತ ಸಣ್ಣ ಮೊತ್ತ ಕೇಳುತ್ತಾರೆ. ಅದು ಹೋದ ಮೇಲೆ ಜಿಎಸ್‌ಟಿ, ಆಮೇಲೆ ಗೇಟ್ ಪಾಸು. ಪ್ರತಿ ಸಲವೂ "ಇದು ರಿಫಂಡ್ ಆಗುತ್ತೆ" ಅನ್ನುತ್ತಾರೆ. ನೋಡದ ವಸ್ತುವಿಗೆ ಒಂದು ರೂಪಾಯಿ ಮುಂಗಡವನ್ನೂ ಕಳಿಸಬೇಡಿ.

ಫೋಟೊಗಳು ಕಂಪನಿಯ ಕ್ಯಾಟಲಾಗಿನಿಂದ ತೆಗೆದ ಹಾಗೆ ಚೊಕ್ಕವಾಗಿದ್ದರೆ ಒಂದು ಕೆಲಸ ಮಾಡಿ. ಒಂದು ಚೀಟಿಯಲ್ಲಿ ಇವತ್ತಿನ ತಾರೀಕು ಬರೆದು, ಅದರ ಪಕ್ಕ ಫೋನಿಟ್ಟು, *#06# ಒತ್ತಿದಾಗ ಫೋನಿನ ಗುರುತಿನ ನಂಬರು ಬರುವ ಪರದೆ ಕಾಣುವಂತೆ ಹೊಸ ಫೋಟೊ ಕಳಿಸಿ ಅಂತ ಕೇಳಿ. ಕೈಯಲ್ಲಿ ಫೋನಿರುವವನಿಗೆ ಇದು ಎರಡು ನಿಮಿಷದ ಕೆಲಸ.

ಜೊತೆಗೆ ಈ ನಾಲ್ಕು ಪ್ರಶ್ನೆಗಳನ್ನು ಮೆಸೇಜಿನಲ್ಲೇ ಕೇಳಿ, ಉತ್ತರ ಬರಹದಲ್ಲಿ ಇರಲಿ: ಮೊದಲ ಮಾಲೀಕರು ನೀವೇನಾ? ಬಿಲ್ಲು ಯಾರ ಹೆಸರಿನಲ್ಲಿದೆ? ಕಂತಿನಲ್ಲಿ ಕೊಂಡದ್ದಾದರೆ ಪೂರ್ತಿ ತೀರಿದೆಯಾ? ಎಲ್ಲಿಯಾದರೂ ಬಿಚ್ಚಿಸಿದ್ದೀರಾ? "ಇನ್ನೂ ಮೂರು ಜನ ಕೇಳ್ತಿದ್ದಾರೆ, ಬೇಗ ಹೇಳಿ" ಅಂತ ಅವಸರ ಮಾಡಿದರೆ ಆ ಮೂವರಿಗೇ ಕೊಡಲಿ, ಬಿಟ್ಟುಬಿಡಿ.

ಹೆಜ್ಜೆ 2: ಐಎಂಇಐ ನಂಬರು

ಪ್ರತಿ ಫೋನಿಗೂ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರು, ಇರುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು. ಹೊರಡುವ ಮೊದಲೇ ಇದನ್ನು ತರಿಸಿಕೊಂಡು ಸರ್ಕಾರದ ದಾಖಲೆಯಲ್ಲಿ ನೋಡಬಹುದು. ನಿಮ್ಮ ಮೊಬೈಲಿನ ಮೆಸೇಜಿನಲ್ಲಿ ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಸ್ಪೇಸು, ಆಮೇಲೆ ಆ 15 ಅಂಕಿ ಬರೆದು 14422ಕ್ಕೆ ಕಳಿಸಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲೂ ಆ್ಯಪಿನಲ್ಲೂ ಇದೇ ಸೌಲಭ್ಯ ಇದೆ. ಉತ್ತರದಲ್ಲಿ ಕಂಪನಿ ಮತ್ತು ಮಾಡೆಲಿನ ಹೆಸರು ಬರುತ್ತದೆ. ಜಾಹೀರಾತಿನಲ್ಲಿ ಹೇಳಿದ ಮಾಡೆಲ್ ಅದೇನಾ ನೋಡಿ. ಬ್ಲ್ಯಾಕ್‌ಲಿಸ್ಟೆಡ್, ಡುಪ್ಲಿಕೇಟ್ ಅಥವಾ ಆಲ್‌ರೆಡಿ ಇನ್ ಯೂಸ್ ಅಂತ ಬಂದರೆ ಆ ಫೋನು ಕೊಳ್ಳಬೇಡಿ ಅಂತ ಇಲಾಖೆಯೇ ಹೇಳುತ್ತದೆ.

ಇದಕ್ಕೊಂದು ಮಿತಿಯೂ ಇದೆ. ನಿನ್ನೆ ರಾತ್ರಿ ಕಳವಾದ ಫೋನಿನ ಬಗ್ಗೆ ಮಾಲೀಕರು ಇನ್ನೂ ದೂರು ಕೊಟ್ಟಿರದಿದ್ದರೆ ಇವತ್ತು ಈ ಪರೀಕ್ಷೆಯಲ್ಲಿ ಅದು ಸಾಚಾ ಅಂತಲೇ ಬರುತ್ತದೆ. ಅವರು ಪೊಲೀಸರಿಗೆ ದೂರು ಕೊಟ್ಟು ಬ್ಲಾಕ್ ಮಾಡಿಸಿದ ಮೇಲೆ ಯಾವ ಕಂಪನಿಯ ಸಿಮ್ಮೂ ಅದರಲ್ಲಿ ನಡೆಯುವುದಿಲ್ಲ. ನೀವು ಹಾಕಿದ ಸಿಮ್ಮಿನ ಮಾಹಿತಿ ಠಾಣೆಗೂ ಹೋಗುತ್ತದೆ. ಹಾಗಾಗಿ ಐಎಂಇಐ ನೋಡಿದ್ದಾಯಿತು ಅಂತ ಬಿಲ್ಲು ಬಿಡುವಂತಿಲ್ಲ.

ಕಾನೂನೂ ನೆನಪಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಕಳವಿನ ಮಾಲು ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆದುಕೊಂಡವರಿಗೆ 3 ವರ್ಷದವರೆಗೆ ಶಿಕ್ಷೆಯಾಗಬಹುದು. "ನಂಬಲು ಕಾರಣವಿದ್ದೂ" ಅನ್ನುವ ಮಾತನ್ನು ಇನ್ನೊಮ್ಮೆ ಓದಿ. ಬಿಲ್ಲಿಲ್ಲದೆ, ಬಾಕ್ಸಿಲ್ಲದೆ, ಅರ್ಧ ಬೆಲೆಗೆ, ರಸ್ತೆ ಬದಿಯಲ್ಲಿ ಕೊಂಡವರಿಗೆ ಠಾಣೆಯಲ್ಲಿ ಎದುರಾಗುವ ಪ್ರಶ್ನೆ ಅದೇ.

ಹೆಜ್ಜೆ 3: ಎಲ್ಲಿ ಸಿಗಬೇಕು

ಮಾರುವವರ ಮನೆಯಲ್ಲೇ ಸಿಗುವುದು ಎಲ್ಲಕ್ಕಿಂತ ಒಳ್ಳೆಯದು. ಮನೆ ತೋರಿಸಿದವನು ಆಮೇಲೆ ಕಣ್ಮರೆಯಾಗುವುದು ಕಷ್ಟ. ಹೆಣ್ಣುಮಕ್ಕಳು ಒಬ್ಬರೇ ಹೋಗುವುದು ಬೇಡ, ಗಂಡುಮಕ್ಕಳಿಗೂ ಜೊತೆಗೊಬ್ಬರಿರಲಿ. ಮನೆ ಬೇಡ ಅಂದರೆ ಹಗಲು ಹೊತ್ತಿನಲ್ಲಿ, ಕೂರಲು ಜಾಗ, ಪ್ಲಗ್ ಪಾಯಿಂಟು, ಜನ ಇರುವ ಹೋಟೆಲು ಆಗಬಹುದು. ಫೋನಿನ ಕಂಪನಿಯ ಸರ್ವಿಸ್ ಸೆಂಟರ್ ಊರಲ್ಲಿದ್ದರೆ ಇನ್ನೂ ವಾಸಿ. ಬಸ್ ಸ್ಟ್ಯಾಂಡು, ಸಿಗ್ನಲ್ಲು, ಬೈಕಿನ ಮೇಲೆ ಕೂತೇ ನಡೆಯುವ ವ್ಯಾಪಾರ ಬೇಡ. ಅಲ್ಲಿ ನೋಡಿದ್ದು ಒಂದು, ಕೈಗೆ ಬಂದ ಪೊಟ್ಟಣದಲ್ಲಿ ಇನ್ನೊಂದು ಆಗುವುದುಂಟು. ಸಮಯ ಮೊದಲೇ ಹೇಳಿಬಿಡಿ: "ಅಣ್ಣಾ, ನಮಗೆ ಮುಕ್ಕಾಲು ಗಂಟೆ ಬೇಕಾಗುತ್ತೆ, ಅಷ್ಟು ಬಿಡುವು ಇದ್ದಾಗ ಹೇಳಿ, ಬರ್ತೀವಿ." ನಾವು ಹಾಗೆ ಹೇಳಿದಾಗ ಒಬ್ಬ ಫೋನೇ ಇಟ್ಟುಬಿಟ್ಟ. ಇನ್ನೊಬ್ಬರು ಭಾನುವಾರ ಮನೆಗೇ ಬನ್ನಿ ಅಂದರು. ಫೋನು ಕೊಂಡದ್ದು ಅವರಿಂದಲೇ.

ಹೆಜ್ಜೆ 4: ಬೀಗ ತೆಗೆದಿದ್ದಾರಾ?

ಉಳಿದದ್ದೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ. ಇವತ್ತಿನ ಫೋನಿಗೆ ಮೂರು ಥರದ ಬೀಗ ಇರಬಹುದು.

ಮೊದಲನೆಯದು ಖಾತೆಯ ಬೀಗ. ಆಂಡ್ರಾಯ್ಡ್ ಫೋನಿನಲ್ಲಿ ಹಳೆ ಮಾಲೀಕರ ಗೂಗಲ್ ಖಾತೆ ಉಳಿದಿದ್ದು, ಬಟನ್ ಒತ್ತಿ ಹಿಡಿದು ರೀಸೆಟ್ ಮಾಡಿದ್ದರೆ, ಮತ್ತೆ ಶುರು ಮಾಡುವಾಗ ಅದೇ ಹಳೆ ಖಾತೆಯ ಪಾಸ್‌ವರ್ಡ್ ಅಥವಾ ಹಳೆ ಸ್ಕ್ರೀನ್ ಲಾಕ್ ಕೇಳುತ್ತದೆ. ಐಫೋನಿನಲ್ಲಿ ಕಳೆದ ಫೋನು ಹುಡುಕುವ ಫೈಂಡ್ ಮೈ ಆನ್ ಇದ್ದರೆ ಆ್ಯಕ್ಟಿವೇಶನ್ ಲಾಕ್ ಬೀಳುತ್ತದೆ. ಕಳ್ಳರಿಗೆ ಫೋನು ದಕ್ಕಬಾರದು ಅಂತಲೇ ಮಾಡಿದ ವ್ಯವಸ್ಥೆ ಇದು. ಆದ್ದರಿಂದ "ಪಾಸ್‌ವರ್ಡ್ ಮರೆತಿದೆ, ಯಾವ ಅಂಗಡೀಲಾದ್ರೂ ಲಾಕ್ ತೆಗೀತಾರೆ ಬಿಡಿ" ಅನ್ನುವವರಿಂದ ಕೊಳ್ಳಲೇಬೇಡಿ.

ಎರಡನೆಯದು ಕಂತಿನ ಬೀಗ, ನಮ್ಮ ಹುಡುಗನಿಗೆ ಬಿದ್ದದ್ದು. ಕೈಯಿಂದ ಏನೂ ಕಟ್ಟದೆ ಫೋನು ಒಯ್ಯಿರಿ ಅನ್ನುವ ಸಾಲಗಳಲ್ಲಿ, ಕಂತು ತಪ್ಪಿದರೆ ದೂರದಿಂದಲೇ ಫೋನು ನಿಲ್ಲಿಸುವ ಆ್ಯಪನ್ನು ಕೆಲವು ಸಾಲದ ಕಂಪನಿಗಳು ಅಂಗಡಿಯಲ್ಲೇ ಹಾಕಿ ಕೊಡುತ್ತವೆ. ರೀಸೆಟ್ ಮಾಡಿದರೂ ಅದು ಹೋಗದಂತೆ ಕೂರಿಸಿರುತ್ತಾರೆ. ಕೊಂಡವನು ಒಂದೆರಡು ಕಂತು ಕಟ್ಟಿ, ಫೋನು ಮಾರಿ, ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಮುಂದಿನ ಕಂತಿನ ತಾರೀಕಿನವರೆಗೂ ಫೋನು ಚೆನ್ನಾಗೇ ನಡೆಯುತ್ತದೆ.

ಮೂರನೆಯದು ಆಫೀಸಿನ ಬೀಗ. ಕಂಪನಿ ತನ್ನ ನೌಕರರಿಗೆ ಕೊಟ್ಟ ಫೋನು, ಲ್ಯಾಪ್‌ಟಾಪುಗಳ ಹಿಡಿತ ಕಂಪನಿಯ ಕೈಯಲ್ಲೇ ಇರುತ್ತದೆ.

ಈ ಮೂರನ್ನೂ ಹಿಡಿಯಲು ಇರುವ ದಾರಿ ಒಂದೇ. ಹಣ ಕೊಡುವ ಮೊದಲು, ನಿಮ್ಮ ಕಣ್ಣೆದುರು, ಮಾರುವವರ ಕೈಯಿಂದಲೇ ಎಲ್ಲವನ್ನೂ ಮಾಡಿಸಿ. ಅವರು ಸೆಟ್ಟಿಂಗ್ಸಿಗೆ ಹೋಗಿ ಗೂಗಲ್ ಖಾತೆಯನ್ನೂ, ಫೋನ್ ಕಂಪನಿಯದೇ ಬೇರೆ ಖಾತೆ ಇದ್ದರೆ ಅದನ್ನೂ ತೆಗೆಯಲಿ. ಐಫೋನಾದರೆ ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗಲಿ. ಅದಕ್ಕೆ ಅವರ ಪಾಸ್‌ವರ್ಡ್ ಬೇಕೇ ಬೇಕು. ಆಂಡ್ರಾಯ್ಡಿನಲ್ಲಿ ಸೆಕ್ಯೂರಿಟಿ ವಿಭಾಗದ ಒಳಗಿರುವ ಡಿವೈಸ್ ಅಡ್ಮಿನ್ ಆ್ಯಪ್‌ಗಳ, ಅಂದರೆ ಫೋನಿನ ಮೇಲೆ ಹಿಡಿತವಿರುವ ಆ್ಯಪ್‌ಗಳ, ಪಟ್ಟಿಯನ್ನು ತೆರೆಸಿ ನೋಡಿ. ಸಾಲದ ಕಂಪನಿಯ ಹೆಸರೋ, ಆಫ್ ಮಾಡಲು ಬಾರದ ಗುರುತಿಲ್ಲದ ಆ್ಯಪೋ ಕಂಡರೆ ಅಲ್ಲಿಗೇ ಮಾತು ಮುಗಿಸಿ. ಆಮೇಲೆ ಸೆಟ್ಟಿಂಗ್ಸ್ ಮೂಲಕವೇ ಫ್ಯಾಕ್ಟರಿ ರೀಸೆಟ್ ಮಾಡಿಸಿ.

ರೀಸೆಟ್ ಆದ ಫೋನು ಭಾಷೆ ಯಾವುದು ಅಂತ ಕೇಳುವ ಪರದೆಗೆ ಬರುತ್ತದೆ. ಹೆಚ್ಚಿನವರು ಇಲ್ಲಿಗೇ "ಆಯ್ತು" ಅಂತ ಹಣ ಕೊಟ್ಟುಬಿಡುತ್ತಾರೆ. ಇಲ್ಲಿ ನಿಲ್ಲಬೇಡಿ. ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು, ನಿಮ್ಮ ಖಾತೆ ಹಾಕಿ, ಮುಖ್ಯ ಪರದೆ ಬರುವವರೆಗೂ ಪೂರ್ತಿ ಸೆಟಪ್ ಮುಗಿಸಿ. ಇಂಟರ್ನೆಟ್ ಸಿಕ್ಕಿದ ಮೇಲೆಯೇ ಫೋನು ಕಂಪನಿಯ ಸರ್ವರನ್ನು ಕೇಳಿ ತನಗೆ ಬೀಗ ಇದೆಯೋ ಇಲ್ಲವೋ ಅಂತ ಹೇಳುವುದು. ಹಳೆ ಖಾತೆ ಕೇಳಿತು, ಅಥವಾ ಈ ಸಾಧನ ನಿಮ್ಮ ಸಂಸ್ಥೆಗೆ ಸೇರಿದ್ದು ಎಂಬ ಸಾಲು ಬಂತು ಅಂದರೆ ಫೋನು ವಾಪಸು ಕೊಟ್ಟು ಎದ್ದು ಬನ್ನಿ. ಭಾನುವಾರ ನಾವು ಅವರ ಜಗುಲಿಯ ಮೇಲೆ ಕೂತು ಇಷ್ಟನ್ನೂ ಮಾಡಿದೆವು. ಸುಮಾರು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವರ ತಾಯಿ ಕಾಫಿ ತಂದುಕೊಟ್ಟರು. ಸಂಕೋಚವೇನೋ ಆಯಿತು, ಆದರೂ ಸೆಟಪ್ ಅರ್ಧಕ್ಕೆ ಬಿಡಲಿಲ್ಲ.

ಹೆಜ್ಜೆ 5: ಕಣ್ಣು, ಕಿವಿ, ಉಗುರು

ಈಗ ಫೋನನ್ನೇ ನೋಡಿ. *#06# ಒತ್ತಿದಾಗ ಬರುವ ನಂಬರು, ಬಾಕ್ಸಿನ ಸ್ಟಿಕ್ಕರು, ಬಿಲ್ಲು ಮೂರೂ ಅಂಕಿ ಅಂಕಿ ಹೊಂದಬೇಕು. ಒಬ್ಬರು ಓದಿ, ಇನ್ನೊಬ್ಬರು ನೋಡಿ. ಬಾಕ್ಸು ಮಾತ್ರ ಬೇರೆ ಫೋನಿನದ್ದಾಗಿರುವುದು ಬಹಳ ಕಡೆ ನಡೆಯುತ್ತದೆ.

ಪರದೆಯ ಮೇಲೆ ಪೂರ್ತಿ ಬಿಳಿ ಚಿತ್ರ ತೆರೆದು ಬೆಳಕು ಹೆಚ್ಚಿಸಿ. ಕೀಬೋರ್ಡಿನ ಇಲ್ಲವೇ ಆ್ಯಪುಗಳ ನೆರಳು ಅಂಟಿಕೊಂಡಂತೆ ಕಂಡರೆ ಡಿಸ್‌ಪ್ಲೇ ದಣಿದಿದೆ. ಹಸಿರು ಅಥವಾ ಗುಲಾಬಿ ಗೆರೆ ಕೂದಲೆಳೆಯಷ್ಟಿದ್ದರೂ ಅಂಥದ್ದು ಬೇಡ. ಒಂದು ಐಕಾನನ್ನು ಒತ್ತಿ ಹಿಡಿದು ಪರದೆಯ ಮೂಲೆ ಮೂಲೆಗೂ ಎಳೆಯಿರಿ. ಮಧ್ಯೆ ಕೈಬಿಟ್ಟುಹೋದರೆ ಆ ಜಾಗದಲ್ಲಿ ಟಚ್ ಸತ್ತಿದೆ. ಹೊಸ ಐಫೋನುಗಳಲ್ಲಿ ಸೆಟ್ಟಿಂಗ್ಸಿನ ಜನರಲ್, ಅಬೌಟ್ ಒಳಗೆ ಬದಲಿಸಿದ ಭಾಗಗಳ ಮಾಹಿತಿ ಬರುತ್ತದೆ. ಅನ್‌ನೋನ್ ಪಾರ್ಟ್ ಅಂತಿದ್ದರೆ ಕಂಪನಿಯದಲ್ಲದ ಅಥವಾ ಇನ್ನೊಂದು ಫೋನಿನಿಂದ ಕಿತ್ತ ಡಿಸ್‌ಪ್ಲೇಯೋ ಬ್ಯಾಟರಿಯೋ ಕೂತಿದೆ ಅಂತ ತಿಳಿಯಿರಿ.

ಫೋನನ್ನು ಮೇಜಿನ ಮೇಲೆ ಮಲಗಿಸಿ ಬಾಗಿ ಅಂಚು ನೋಡಿ. ಪರದೆಗೂ ಚೌಕಟ್ಟಿಗೂ ನಡುವೆ ಉಗುರು ಹೋಗುವಷ್ಟು ಸಂದಿ ಇದ್ದರೆ, ಹಿಂಬದಿ ಉಬ್ಬಿದ್ದರೆ, ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಊದಿದ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಲ್ಲದು, ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ವಸ್ತು ಅದು. ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ.

ಇನ್ನೊಂದು ಮೊಬೈಲಿನ ಟಾರ್ಚ್ ಹಿಡಿದು ಚಾರ್ಜಿಂಗ್ ಪಿನ್ ಹಾಕುವ ತೂತಿನೊಳಗೆ ನೋಡಿ. ಹಳೆ ತಾಮ್ರದ ಚೊಂಬಿನ ಮೇಲೆ ಕಟ್ಟುವ ಹಸಿರು ಕಿಲುಬಿನಂಥದ್ದು ಕಂಡರೆ ನೀರು ಹೊಕ್ಕಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಬಳಸಿದ ಫೋನುಗಳಲ್ಲಿ ಇದನ್ನು ತಪ್ಪದೆ ನೋಡಿ. ಸಿಮ್ ಟ್ರೇ ಹೊರಗೆಳೆದು ಅದರ ಗೂಡಿಗೂ ಬೆಳಕು ಹಾಯಿಸಿ. ಅನೇಕ ಫೋನುಗಳಲ್ಲಿ ಅಲ್ಲೊಂದು ಪುಟ್ಟ ಬಿಳಿ ಪಟ್ಟಿ ಇರುತ್ತದೆ, ನೀರು ತಾಗಿದರೆ ಅದು ಕೆಂಪಾಗುತ್ತದೆ.

ನಿಮ್ಮದೇ ಸಿಮ್ ಹಾಕಿ ಮನೆಗೊಂದು ಕಾಲ್ ಮಾಡಿ. ಕಿವಿಗಿಟ್ಟಾಗ ಪರದೆ ಆರಬೇಕು, ತೆಗೆದಾಗ ಹತ್ತಬೇಕು, ಆ ಕಡೆಯವರಿಗೆ ನಿಮ್ಮ ದನಿ ಸ್ಪಷ್ಟ ಕೇಳಬೇಕು. ಬೆರಳಚ್ಚು, ಎರಡೂ ಕ್ಯಾಮೆರಾ, ಫ್ಲ್ಯಾಶು, ವೈಬ್ರೇಶನ್ನು, ವಾಲ್ಯೂಮ್ ಬಟನ್ನು ಬೇಗ ಬೇಗ ನೋಡಿ ಮುಗಿಸಿ. ಸ್ಯಾಮ್‌ಸಂಗ್ ಫೋನಾದರೆ *#0*# ಒತ್ತಿದರೆ ಪರೀಕ್ಷೆಯ ಪಟ್ಟಿಯೇ ತೆರೆಯುತ್ತದೆ.

ಬ್ಯಾಟರಿ: ಐಫೋನಿನಲ್ಲಿ ಬ್ಯಾಟರಿ ಹೆಲ್ತ್ 80 ಪರ್ಸೆಂಟಿಗಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆಂಡ್ರಾಯ್ಡಿನಲ್ಲಿ ಪೂರ್ತಿ ಬೆಳಕಿಟ್ಟು ಹತ್ತು ನಿಮಿಷ ವಿಡಿಯೊ ಓಡಿಸಿ. ಐದಾರು ಪರ್ಸೆಂಟ್ ಇಳಿದರೆ ಅದೇ ಲೆಕ್ಕ.

ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟ ಐಫೋನುಗಳೂ ಮಾರಾಟಕ್ಕೆ ಬರುತ್ತವೆ. ಐಫೋನ್ 14ರಿಂದೀಚೆಗೆ ಅಮೆರಿಕದಲ್ಲಿ ಮಾರುವ ಫೋನುಗಳಲ್ಲಿ ಸಿಮ್ ಟ್ರೇಯೇ ಇಲ್ಲ, ಕಾರ್ಡಿಲ್ಲದೆ ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ಅದು ನಿಮಗೆ ಒಗ್ಗುತ್ತದಾ ಯೋಚಿಸಿ. ಅಬೌಟ್ ಪುಟದಲ್ಲಿರುವ ಮಾಡೆಲ್ ನಂಬರಿನ ಮೊದಲ ಅಕ್ಷರ ಎಂ ಆಗಿದ್ದರೆ ಹೊಸದಾಗಿ ಮಾರಿದ್ದು, ಎಫ್ ಆಗಿದ್ದರೆ ಕಂಪನಿಯೇ ನವೀಕರಿಸಿದ್ದು, ಎನ್ ಆಗಿದ್ದರೆ ಕೆಟ್ಟ ಫೋನಿನ ಬದಲಿಗೆ ಕೊಟ್ಟದ್ದು. "ಶೋರೂಮಿಂದ ತಂದ ಹಾಗೇ ಇದೆ" ಅಂದವರ ಮಾತಿಗೂ ಆ ಅಕ್ಷರಕ್ಕೂ ತಾಳೆ ಹಾಕಿ.

ಹೆಜ್ಜೆ 6: ಬಿಲ್ಲು ಮತ್ತು ಬರಹ

ಬಿಲ್ಲಿನಲ್ಲಿ ಇರುವ ಹೆಸರು, ಮಾರುವವರ ಗುರುತಿನ ಚೀಟಿಯ ಹೆಸರು, ನೀವು ಹಣ ಕಳಿಸುವಾಗ ಯುಪಿಐನಲ್ಲಿ ಬರುವ ಹೆಸರು ಒಂದೇ ಆಗಿರಬೇಕು. ಅಪ್ಪನ ಹೆಸರಿನಲ್ಲಿದೆ ಅಂದರೆ ಅಪ್ಪನ ಹತ್ತಿರ ಒಂದು ಮಾತಾಡಿ. ಬಿಲ್ಲಿನಲ್ಲಿ ಎಲ್ಲಾದರೂ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಸಾಲ ತೀರಿದ ಪತ್ರ ತೋರಿಸಲೇಬೇಕು. ಕೊನೆಗೆ ಒಂದು ಬಿಳಿ ಹಾಳೆಯಲ್ಲಿ ಇಷ್ಟು ಬರೆಸಿ, ಸಹಿ ಹಾಕಿಸಿಕೊಳ್ಳಿ:

"ನನ್ನ ಸ್ವಂತದ ______ ಮಾಡೆಲ್ ಫೋನನ್ನು, ಐಎಂಇಐ ______ ಮತ್ತು ______, ಈ ದಿನ ______ ರೂಪಾಯಿಗೆ ______ ಅವರಿಗೆ ಮಾರಿ, ಪೂರ್ತಿ ಹಣ ಪಡೆದಿರುತ್ತೇನೆ. ಇದರ ಮೇಲೆ ಯಾವುದೇ ಸಾಲ ಅಥವಾ ಕಂತು ಬಾಕಿ ಇರುವುದಿಲ್ಲ. ಮುಂದೆ ಯಾವುದೇ ತಕರಾರು ಬಂದಲ್ಲಿ ಹಣ ವಾಪಸು ಕೊಡಲು ಬದ್ಧನಾಗಿರುತ್ತೇನೆ."

ಒಂದು ಪ್ರತಿ ಅವರಿಗೂ ಕೊಡಿ. ನಾಳೆ ಆ ಫೋನಿನಿಂದ ಏನಾದರೂ ನಡೆದರೆ ಅವರನ್ನು ಕಾಯುವುದೂ ಇದೇ ಕಾಗದ. ಈ ಮಾತು ಹೇಳಿದರೆ ಪ್ರಾಮಾಣಿಕರು ಬೇಸರ ಮಾಡಿಕೊಳ್ಳುವುದಿಲ್ಲ. ನಮಗೆ ಮಾರಿದವರು ತಾವೇ ಎರಡನೇ ಪ್ರತಿ ಕೇಳಿ ಪಡೆದರು.

ಹಣವನ್ನು ಎಲ್ಲ ಮುಗಿದ ಮೇಲೆ, ಅಲ್ಲೇ ಕೂತು, ಯುಪಿಐ ಅಥವಾ ಬ್ಯಾಂಕಿನ ಮೂಲಕ ಕೊಡಿ, ಗುರುತು ಉಳಿಯಲಿ. ವ್ಯವಹಾರ ಮುರಿದು ಮುಂಗಡ ವಾಪಸು ಬರಬೇಕಾದಾಗ "ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಅಂತ ಯಾರಾದರೂ ಹೇಳಿದರೆ ಅದು ಮೋಸ. ಪಿನ್ ಹಾಕಿದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ. ಬರುವ ಹಣಕ್ಕೆ ಪಿನ್ ಬೇಕಿಲ್ಲ.

ಲ್ಯಾಪ್‌ಟಾಪು ಕೊಳ್ಳುವವರಿಗೆ

ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಆನ್‌ಲೈನಿನಲ್ಲೂ ಸಿಗುವ ಹಳೆ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಕಂಪನಿಗಳು ಬಳಸಿ ಬಿಟ್ಟವು. ಅವುಗಳಲ್ಲಿ ಒಳ್ಳೆಯವೂ ಇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಲ್ಲಿ ಕೆಲವನ್ನು ಬಿಟ್ಟರೆ ಉಳಿದವಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ. ಹಾಗಾಗಿ "ಐ7 ಇದೆ" ಅಂದ ಮಾತ್ರಕ್ಕೆ ಹಿಗ್ಗಬೇಡಿ, ಎಷ್ಟನೇ ತಲೆಮಾರು ಅಂತ ಕೇಳಿ. ಫೋನಿನ ಹಾಗೆಯೇ ಇದನ್ನೂ ರೀಸೆಟ್ ಮಾಡಿಸಿ, ಇಂಟರ್ನೆಟ್ ಕೊಟ್ಟು ಸೆಟಪ್ ಮಾಡಿ. ಯಾವುದೋ ಕಂಪನಿಯ ಹೆಸರು ಬಂದು ಅಲ್ಲಿನ ಲಾಗಿನ್ ಕೇಳಿದರೆ ಬಿಟ್ಟುಬಿಡಿ. ಆನ್ ಮಾಡಿದ ಕೂಡಲೇ, ವಿಂಡೋಸ್ ಬರುವ ಮೊದಲೇ, ಬಯೋಸ್ ಪಾಸ್‌ವರ್ಡ್ ಕೇಳುವುದನ್ನೂ ಕೊಳ್ಳಬೇಡಿ.

ಏನಾದರೂ ಆಗಿಹೋದರೆ

ಹಣ ಮೋಸ ಹೋಗಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಯಲು ಸಾಧ್ಯವಾಗುವುದು ಬೇಗ ತಿಳಿಸಿದಾಗ ಮಾತ್ರ. ಯಾರಿಗೆ ಹೇಳಲಿ, ಮನೆಯಲ್ಲಿ ಬೈತಾರೇನೋ ಅಂತ ಎರಡು ದಿನ ಒಳಗೇ ಇಟ್ಟುಕೊಂಡು ಕೊರಗಬೇಡಿ. ನಮ್ಮ ಹುಡುಗನೂ ಹಾಗೇ ಮಾಡಿ ಶನಿವಾರದವರೆಗೆ ಕಾದ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಇಲ್ಲವೇ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ದೂರು ಕೊಡಿ. ಚಾಟು, ಜಾಹೀರಾತಿನ ಸ್ಕ್ರೀನ್‌ಶಾಟು, ಯುಪಿಐ ವ್ಯವಹಾರದ ಸಂಖ್ಯೆ ಜೊತೆಗಿರಲಿ. ಜಾಹೀರಾತು ಅಳಿಸಿಹೋಗುವ ಮೊದಲೇ ಸ್ಕ್ರೀನ್‌ಶಾಟು ತೆಗೆದಿಡಿ.

ಅಂಗಡಿಯಿಂದ ಅಥವಾ ಹಳೆ ಫೋನು ಮಾರುವುದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಯಿಂದ ಕೊಂಡದ್ದಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ನಿಮ್ಮ ಬೆನ್ನಿಗಿದೆ. 1915 ಗ್ರಾಹಕ ಸಹಾಯವಾಣಿ. ತನ್ನ ಒಂದು ಹಳೆ ಫೋನು ಮಾರಿದ ಖಾಸಗಿ ವ್ಯಕ್ತಿಯ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಲಾಗದು. ಅದಕ್ಕೇ ಮೇಲಿನ ಆ ಬಿಳಿ ಹಾಳೆಗೆ ಅಷ್ಟು ಬೆಲೆ.

ನೀವು ಕೊಂಡ ಫೋನು ಕಳವಿನದ್ದು ಅಂತ ಠಾಣೆಯಿಂದ ಕರೆ ಬಂದರೆ ಸಿಮ್ ತೆಗೆದು ಫೋನು ಬಚ್ಚಿಡಬೇಡಿ, ಇನ್ನೊಬ್ಬರಿಗೆ ದಾಟಿಸಲೂಬೇಡಿ. ಕರೆ ಮಾಡಿದವರು ನಿಜವಾಗಿ ಆ ಠಾಣೆಯವರೇನಾ ಅಂತ ಠಾಣೆಯ ಸ್ಥಿರ ದೂರವಾಣಿಗೆ ಫೋನು ಮಾಡಿ ಖಚಿತಪಡಿಸಿಕೊಳ್ಳಿ. ಪೊಲೀಸರ ಹೆಸರಲ್ಲಿ ಹಣ ಕೇಳುವವರೂ ಇದ್ದಾರೆ. ಬಿಲ್ಲು, ಬರೆಸಿಕೊಂಡ ಪತ್ರ, ಹಣ ಕಳಿಸಿದ ದಾಖಲೆ, ಚಾಟು ಇವುಗಳ ಪ್ರತಿ ಹಿಡಿದು ಮನೆಯ ಹಿರಿಯರೊಬ್ಬರ ಜೊತೆ ಠಾಣೆಗೆ ಹೋಗಿ. ಫೋಟೊ, ನಂಬರುಗಳನ್ನು ಬೇರೆ ಕಡೆ ಉಳಿಸಿಕೊಂಡು, ಫೋನು ಒಪ್ಪಿಸುವಾಗ ಐಎಂಇಐ ನಂಬರು ಬರೆದ ಸ್ವೀಕೃತಿಯನ್ನು ಕೇಳಿ ಪಡೆಯಿರಿ.